ಗಾಳಿಗೆ ಕಲ್ಲಿಟ್ಟವಳು

ಮುನೆಂಕಟಮ್ಮಕ್ಕನ ಮನೆಯ ತಗಡಿನ ಮೇಲೆ ಏನಿತ್ತು ಅಂತ ಕೇಳಬಾರದು, ಏನಿರಲಿಲ್ಲ ಅಂತ ಕೇಳಬೇಕು. ಒಡೆದ ಒರಳು, ಸವೆದ ರುಬ್ಬುಗುಂಡು, ಎಲ್ಲಿಂದ ತಂದಳೋ ಒಂದು ತುಂಡು ರೈಲುಹಳಿ, ಮಿಕ್ಕ ಜಾಗದಲ್ಲೆಲ್ಲ ಕಲ್ಲು. ಅದರ ಮೇಲೆ ಅಡ್ಡಡ್ಡ ಹಗ್ಗ ಬಿಗಿದು ನೆಲದಲ್ಲಿ ಗೂಟ ಹೊಡೆದು ಕಟ್ಟಿದ್ದಳು. "ಗಾಳಿಗೆ ತಗಡು ಆರಲ್ಲ ನಿಜ, ಬಾರಕ್ಕೇ ಮನೆ ಬೀಳ್ತದೆ" ಎಂದು ಲೈನಿನ ಗಂಡಸರು ನಗುತ್ತಿದ್ದರು. ಅವಳು ಅವರ ಕಡೆ ತಿರುಗಿಯೂ ನೋಡದೆ ಇನ್ನೊಂದು ಕಲ್ಲು ಹುಡುಕಲು ಹೋಗುತ್ತಿದ್ದಳು.

ನಾನು ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಮದುವೆಯಾಗಿ ಮಾರಿಕುಪ್ಪಂ ಸ್ಟೇಷನ್ನಿನಾಚೆಯ ಆ ಲೈನಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಚಿನ್ನದ ಗಣಿಗೆ ಇಳಿಯುವವರ ಸಾಲುಮನೆಗಳು ಅವು. ಗೋಡೆಗೆ ಬಿದಿರು ತಟ್ಟಿ, ಮೇಲೆ ತಗಡು. ಎದುರಿಗೇ ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬ. ಚೈತ್ರ ಬಂತೆಂದರೆ ಮಧ್ಯಾಹ್ನದ ಬಿಸಿಲಿಗೆ ದಿಬ್ಬದ ಮೇಲಿಂದ ಸುಂಟರಗಾಳಿ ಎದ್ದು, ಬಿಳಿ ಧೂಳನ್ನು ಸುತ್ತಿಕೊಂಡು ನೆಟ್ಟಗೆ ನಮ್ಮ ಮೇಲೇ ಬರುತ್ತಿತ್ತು. ನಮ್ಮೂರಿನ ಹೊಲದಲ್ಲೂ ಗಾಳಿ ಸುತ್ತುತ್ತಿತ್ತು, ಆದರೆ ಅಲ್ಲಿ ಕಿತ್ತುಕೊಂಡು ಹೋಗಲು ಹುಲ್ಲು ಬಿಟ್ಟರೆ ಇನ್ನೇನಿತ್ತು? ಇಲ್ಲಿ ತಗಡು ಹಾರುತ್ತಿತ್ತು. ಹಾರುವ ತಗಡು ಕುಡುಗೋಲಿನಷ್ಟೇ ಹರಿತ.

ನಾನು ಬಂದ ವರ್ಷವೇ ಅಂಥ ಗಾಳಿಯೊಂದಕ್ಕೆ ಹೆದರಿ ಅಳುತ್ತಾ ನಿಂತಿದ್ದೆ. ಪಕ್ಕದ ಮನೆಯಿಂದ ನುಗ್ಗಿ ಬಂದ ಮುನೆಂಕಟಮ್ಮಕ್ಕ ನನ್ನ ಒಲೆಗೆ ಒಂದು ಚೆಂಬು ನೀರು ಸುರಿದಳು.

"ತಟ್ಟಿ ಮನೇಲಿ ಕಿಡಿ ಬಿದ್ರೆ ಲೈನೇ ಬೂದಿ ಕಣೇ. ಮೊದ್ಲು ಒಲೆ ಆರ್ಸು. ಆಮ್ಯಾಕೆ ಕುಂತ್ಕೊಂಡು ಅಳು, ಯಾರು ಬ್ಯಾಡ ಅಂತಾರೆ?"

ನನ್ನ ಸಾರೂ ಹಾಳಾಯಿತು. ಆದರೂ ಅವಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತೇ.

ಗಾಳಿಯ ಮೇಲೆ ಅವಳಿಗಿದ್ದ ಹಗೆಗೆ ಕಾರಣವಿತ್ತು. ನಾನು ಬರುವ ಮುಂಚೆಯೇ ಅವಳ ಗಂಡ ಗಣಿಯೊಳಗೆ ಸತ್ತಿದ್ದ. ಸುದ್ದಿ ತಂದ ಮೇಸ್ತ್ರಿ "ಏರ್ ಬ್ಲಾಸ್ಟ್" ಎಂದನಂತೆ. ಹಾಗೆಂದರೇನು ಎಂದು ಇವಳು ಕೇಳಿದಾಗ, ಪಕ್ಕದಲ್ಲಿದ್ದ, ಅರ್ಧಂಬರ್ಧ ಇಂಗ್ಲಿಷ್ ಬಲ್ಲ ತಮಿಳಿನವರೊಬ್ಬರು "ಕಾತ್ತು ಅಮ್ಮಾ, ಕಾತ್ತು" ಅಂದರಂತೆ. ಗಾಳಿ. ಅಷ್ಟೇ ಸಾಕಾಯಿತು. ಯಾವ ಬಾವಿಗೂ ಇಲ್ಲದಷ್ಟು ಆಳಕ್ಕೆ ಇಳಿದು ಬಂದು ಗಾಳಿ ತನ್ನ ಗಂಡನನ್ನು ಹೊಡೆದು ಹಾಕಿತು ಎಂದು ಅವಳು ನಂಬಿದಳು. "ಬೂಮಿ ಒಳಕ್ಕೇ ಬಂತಲ್ಲಾ, ಮನೆ ಒಳಕ್ಕೆ ಬರಾಕೆ ಅದಕ್ಕೇನ್ ಕಷ್ಟ?" ಎನ್ನುತ್ತಿದ್ದಳು.

ನಿಜ ಬೇರೆಯೇ ಇತ್ತು. ಅಷ್ಟು ಆಳದಲ್ಲಿ ಭೂಮಿಯ ಭಾರ ತಾಳದೆ ಬಂಡೆ ತಾನಾಗಿಯೇ ಸಿಡಿಯುತ್ತದೆ. ಅದಕ್ಕೆ ಗಣಿಯವರು ಇಟ್ಟುಕೊಂಡ ಹೆಸರು ಏರ್ ಬ್ಲಾಸ್ಟ್. ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಲೈನಿನ ಗಂಡಸರಿಗೆಲ್ಲ ಇದು ಗೊತ್ತಿತ್ತು. "ಮತ್ತೆ ಅಕ್ಕನಿಗೆ ಹೇಳಬಾರದಾ?" ಎಂದು ನಮ್ಮನೆಯವರನ್ನು ಕೇಳಿದೆ.

"ಯೋಳಿ ಏನ್ ಮಾಡ್ಲಿ? ಗಾಳಿಗಾದ್ರೆ ಕಲ್ಲಿಡಬೋದು. ಕಲ್ಲಿಗೇ ಏನಿಡ್ತೀಯಾ?" ಎಂದರು. ಅವರೂ ದಿನಾ ಅದರೊಳಗೇ ಇಳಿಯುವವರು.

ಅವಳ ಒಬ್ಬನೇ ಮಗ ನಾರಾಯಣಪ್ಪ ದೊಡ್ಡವನಾಗಿ ಗಣಿಗೇ ಸೇರಿದ. ಬೇರೆ ಕೆಲಸ ಎಲ್ಲಿತ್ತು? ಅಂದಿನಿಂದ ಅವಳ ಮನೆಯ ಮುಂದಿನ ಬೇವಿನ ಮರವೇ ಅವಳ ಪಂಚಾಂಗವಾಯಿತು. ಎಲೆ ಜೋರಾಗಿ ಅಲ್ಲಾಡಿದರೆ "ಇವತ್ತು ಬ್ಯಾಡ ಕಣ್ಲಾ" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಅವನು ಸಮಾಧಾನ ಮಾಡಿ ನುಸುಳಿಕೊಂಡು ಹೋಗುತ್ತಿದ್ದ. ಅವನ ಸೊಂಟಕ್ಕೆ ಒಂದು ಮಾರು ಹೆಚ್ಚಿಗೆ ಬಿಟ್ಟು ಹಗ್ಗ ಕಟ್ಟಿದ್ದಳು, ಗಾಳಿ ಬಂದಾಗ ಗಣಿಯೊಳಗಿನ ಕಂಬಕ್ಕೆ ಬಿಗಿದುಕೊಳ್ಳಲಿ ಅಂತ. ಅಂಗಿಯೊಳಗೆ ಅದನ್ನು ಸುತ್ತಿಕೊಂಡೇ ಇಳಿಯುತ್ತಿದ್ದ ಹುಡುಗ. ಜೊತೆಯವರು ಸ್ವಲ್ಪ ದಿನ ಗೇಲಿ ಮಾಡಿ ಸುಮ್ಮನಾದರು.

ಅವಳು ಗೆದ್ದದ್ದೂ ಉಂಟು. ಒಂದು ಚೈತ್ರದಲ್ಲಿ ಬಂದ ಗಾಳಿ ನಮ್ಮ ಸಾಲಿನ ತಗಡುಗಳನ್ನು ಕಿತ್ತು ದಿಬ್ಬದಾಚೆ ಎಸೆಯಿತು. ಅವಳ ಮನೆ ಮಾತ್ರ ಮಿಸುಕಲಿಲ್ಲ. ಸಾಲಿನ ಮಕ್ಕಳೆಲ್ಲ ಅವಳ ಮಂಚದ ಕೆಳಗೆ. ಧೂಳು ಇಳಿದ ಮೇಲೆ ನಕ್ಕಿದ್ದ ಗಂಡಸರೇ ಕಲ್ಲು ಹೊರತೊಡಗಿದರು. "ಅಗ್ಗ ಸಡಿಲ ಬಿಡಬ್ಯಾಡ್ರೋ!" ಎಂದು ಅವಳು ಬೀದಿಯುದ್ದಕ್ಕೂ ಕೂಗುತ್ತಾ ಓಡಾಡಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಮತ್ತೆಂದೂ ನೋಡಲಿಲ್ಲ.

ಮಾರನೆಯ ವರ್ಷ ಒಂದು ಬೆಳಿಗ್ಗೆ ನಾರಾಯಣಪ್ಪನಿಗೆ ಮೈ ಬಿಸಿಯಿತ್ತು. ರಜಾ ಹಾಕುತ್ತೇನೆಂದು ಹೊದ್ದು ಮಲಗಿದ್ದ. ಇವಳು ಹೊರಗೆ ಬಂದು ಬೇವಿನ ಮರ ನೋಡಿದಳು.

"ಎಲೆನೂ ಅಲ್ಲಾಡ್ತಿಲ್ಲ ಕಣ್ಲಾ. ಇಂತಾ ದಿನ ಮನೇಲಿ ಕುಂತು, ಗಾಳಿ ದಿನ ಓಗ್ತೀಯಾ? ಏಳು."

ಮುದ್ದೆ ತಿನ್ನಿಸಿ ಕಳಿಸಿದಳು.

ಮಧ್ಯಾಹ್ನ ಕಾಲ ಕೆಳಗೆ ನೆಲ ಗುಡುಗಿತು. ನನ್ನ ಹಲಗೆಯ ಮೇಲಿನ ಪಾತ್ರೆಗಳು ಒಂದಕ್ಕೊಂದು ತಾಗಿದವು. "ಮದ್ದು ಸಿಡಿಸವ್ರೆ ಅಷ್ಟೇ" ಎಂದು ಅವಳು ಅಕ್ಕಿ ಆರಿಸುತ್ತಲೇ ಇದ್ದಳು. ರಾತ್ರಿ ಪಾಳಿಯೆಂದು ಮನೆಯಲ್ಲಿ ಮಲಗಿದ್ದ ನಮ್ಮನೆಯವರು ಎದ್ದು ಕೂತರು. ಅದು ಮದ್ದಲ್ಲವೆಂದು ಅವರ ಮುಖ ನೋಡಿ ನನಗೆ ಗೊತ್ತಾಯಿತು.

ಸಂಜೆಗೆ ನಾರಾಯಣಪ್ಪನ ಸುದ್ದಿ ಹೊತ್ತು ಗಣಿಯಿಂದ ಜನ ಬಂದರು. ಮತ್ತೆ ಅದೇ ಮಾತು: ಏರ್ ಬ್ಲಾಸ್ಟ್. ಅವಳು ಬೇವಿನ ಮರದ ಕಡೆ ಕೈ ತೋರಿಸಿದಳು. "ಸುಳ್ಳು. ಎಲೆನೇ ಅಲ್ಲಾಡಿಲ್ಲ. ನೋಡ್ಕೊಂಡೇ ಕಳ್ಸಿದೀನಿ" ಎಂದು ಒಬ್ಬೊಬ್ಬರ ಮುಖ ಹಿಡಿದು ಹೇಳಿದಳು. ಕೊನೆಗೆ ನಮ್ಮನೆಯವರೇ ಅವಳ ಮುಂದೆ ಕೂತು, "ಅದು ಗಾಳಿಯಲ್ಲಕ್ಕಾ, ಬಂಡೆ. ಅವತ್ತು ನಿನ್ ಗಂಡನ್ಗೂ ಬಂಡೇನೇ" ಎಂದರು. ಅವಳು ಅಳಲಿಲ್ಲ. ದೇಹ ತಂದಾಗ ಸೊಂಟದ ಹಗ್ಗ ಹಾಗೇ ಇತ್ತು. ಗಂಟನ್ನು ಅವಳೇ ಬಿಚ್ಚಿದಳು.

ಗಣಿಗೆ ಇಳಿಯಲು ಆ ಮನೆಯಲ್ಲಿ ಇನ್ನು ಯಾರೂ ಉಳಿದಿರಲಿಲ್ಲ; ತಿಂಗಳು ಕಳೆದು ಗಣಿಯವರಿಗೆ ಮನೆ ಬಿಟ್ಟುಕೊಡಬೇಕಾಯಿತು. ಬಂಗಾರಪೇಟೆ ಕಡೆಯ ತಮ್ಮನ ಊರಿಗೆ ಹೊರಟಳು. ಮಾರಿಕುಪ್ಪಂನಲ್ಲಿ ರೈಲು ಹತ್ತಿಸಲು ನಾನು ಹೋಗಿದ್ದೆ. ದಿಬ್ಬದ ಕಡೆಯಿಂದ ಧೂಳು ಏಳುತ್ತಿತ್ತು. "ಕಿಟಕಿ ಹಾಕ್ಕೋ ಅಕ್ಕಾ, ಗಾಳಿ ಬತ್ತಾ ಐತೆ" ಎಂದೆ. ಅವಳು ಹಾಕಲಿಲ್ಲ. ಕೂದಲು ಕೆದರಿ ಮುಖಕ್ಕೆಲ್ಲ ಬಡಿಯುತ್ತಿತ್ತು.

"ಬರ್ಲಿ ಬಿಡು. ಅದೇನ್ ಪಾಪ ಮಾಡಿತ್ತು? ಇಷ್ಟ್ ವರ್ಷ ಸುಮ್ಕೆ ಬೈದ್ಬಿಟ್ನಲ್ಲೇ" ಎಂದಳು.

ರೈಲು ಹೋಯಿತು. ಅವಳನ್ನು ನಾನು ಮತ್ತೆ ನೋಡಲಿಲ್ಲ. ಲೈನಿಗೆ ಬರುವಷ್ಟರಲ್ಲಿ ಗಾಳಿ ಜೋರಾಗಿತ್ತು. ಪಕ್ಕದ ಖಾಲಿ ಮನೆಯ ಮೇಲೆ ಅವಳ ಕಲ್ಲುಗಳು ಇಟ್ಟ ಹಾಗೇ ಇದ್ದವು. ನಮ್ಮನೆಯವರು ಪಾಳಿಗೆ ಇಳಿದಿದ್ದರು. ಒಳಗೆ ಹೋಗಿ ಮೊದಲು ಕೆಂಡ ಉಳಿದಿದ್ದ ಒಲೆ ಆರಿಸಿದೆ. ಆಮೇಲೆ ಕೂತುಕೊಂಡು ಅತ್ತೆ.