ಮಾವನವರ ಗುಳಿಗೆ ನಿಲ್ಲಿಸಿದ್ದು

“ಇನ್ನ ಏನ್ ಬೇಕೋ ತಿನ್ನಲಿ ಬಿಡ್ರಿ” ಎಂದು ಡಾಕ್ಟರು ಹೇಳಿದಾಗ ನಮ್ಮ ಅತ್ತೆ ಅವರಿಗೆಂದು ತಂದ ಚಹಾವನ್ನು ಕೊಡದೆ ಹಾಗೇ ನಿಂತುಬಿಟ್ಟರು. ಆ ಮಾತಿನ ಅರ್ಥವನ್ನು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ಕೂಡ್ಲಿಗಿಯ ಮನೆ. ಮಾವನವರ ಹೊಟ್ಟೆಯ ಗಡ್ಡೆಗೆ ಇನ್ನು ಮಾಡುವಂಥದ್ದೇನೂ ಇಲ್ಲವೆಂದು ದಾವಣಗೆರೆಯ ಆಸ್ಪತ್ರೆಯಿಂದ ಕಳಿಸಿದ್ದರು. ಆ ಬೇಸಿಗೆಯಲ್ಲಿ ಎಷ್ಟು ಸೊರಗಿದ್ದರೆಂದರೆ ಕೈಗಡಿಯಾರ ಮೊಣಕೈವರೆಗೂ ಜಾರುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಹಿಂದಿನ ದಿನ ಬಚ್ಚಲಲ್ಲಿ ಬಿದ್ದಿದ್ದರು.

“ಬಿ.ಪಿ. ತಾನಾಗೇ ಇಳದೈತ್ರಿ. ಅದರ ಮ್ಯಾಲೆ ಬಿ.ಪಿ. ಗುಳಿಗಿ ಕೊಟ್ರ ತಲಿ ತಿರುಗ್ತೈತಿ. ನಿಲ್ಲಿಸಾದು ಚಲೋ. ಮನ್ಯಾಗ ಮಾತಾಡ್ಕೊಳ್ರಿ” ಎಂದರು ಡಾಕ್ಟರು.

“ಒಂದಿನಾನೂ ಬಿಡಬ್ಯಾಡ್ರಿ ಅಂತ ನೀವ ಹೇಳಿದ್ರಲ್ರಿ?” ಎಂದರು ಅತ್ತೆ.

“ಆಗ ಹೇಳಿದ್ದೂ ಖರೇನ ಅವ್ವಾ, ಈಗ ಹೇಳಾದೂ ಖರೇನ.”

ಅತ್ತೆಯ ಭಯಕ್ಕೆ ಕಾರಣವಿತ್ತು. ಕೊಟ್ಟೂರಿನಲ್ಲಿದ್ದ ಅವರ ಅಣ್ಣ, ಆರಾಮಾಯಿತೆಂದು ಗುಳಿಗೆ ಬಿಟ್ಟು ಲಕ್ವ ಹೊಡೆಸಿಕೊಂಡಿದ್ದರು. ಅಂದಿನಿಂದ ಅತ್ತೆ ದಿನಾ ಲಿಂಗಪೂಜೆ ಮುಗಿಸಿ ಬಂದು ಮಾವನವರ ಅಂಗೈಯಲ್ಲಿ ಗುಳಿಗೆ ಇಡುವರು. ವಿಭೂತಿ ಬೆರಳಿನಿಂದ ಆ ಗುಲಾಬಿ ಗುಳಿಗೆಗೂ ಒಂದಿಷ್ಟು ಹತ್ತಿರುತ್ತಿತ್ತು. “ಆ ಅನ್ರಿ” ಎಂದರೆ ಮಾವನವರು ಬಾಯಿ ತೆರೆದು, ನುಂಗಿದ್ದನ್ನು ತೋರಿಸುವರು. ಸೊಸೆಯಾದ ನನ್ನ ಎದುರು ಒಂದೇ ಮಂಚದ ಮೇಲೂ ಕೂರದ ಆ ಇಬ್ಬರ ನಡುವೆ ನಾನು ಕಂಡ ಸಲಿಗೆ ಅಷ್ಟೇ.

ಡಾಕ್ಟರು ಹೋದ ಮೇಲೆ ನನ್ನ ಯಜಮಾನರು, “ನಿಲ್ಲಿಸೋಣಬೇ ಯವ್ವಾ” ಎಂದರು.

“ಕೈಯಾರೆ ನಿಲ್ಲಿಸಿ ನಾನ ಅವ್ರನ್ನ ಕಳಸ್ಲೇನು?” ಅತ್ತೆ ನನ್ನ ಕಡೆ ತಿರುಗಿದರು. “ಕಾನ್ವೆಂಟ್ ಓದಿದಾಕಿ, ನೀನರ ಹೇಳಬೇ.”

ಒಳಕೋಣೆಯಿಂದ ಮಾವನವರ ದನಿ ಬಂತು. “ಎಮ್ಮಿ ನಂದು, ಯಾಪಾರ ನಿಮ್ದೇನು? ಬರ್ರಿ ಇಲ್ಲಿ.”

ಎಲ್ಲರೂ ಒಳಗೆ ಹೋದೆವು.

“ಲೇ, ನಿಮ್ಮಣ್ಣನ ಲಕ್ವಕ್ಕ ನನ್ನತ್ರ ಟೈಮಿಲ್ಲ” ಎಂದು ಅವರೊಬ್ಬರೇ ನಕ್ಕರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಹೇಳಿದರು: “ನಿನ್ನಿ ಬಚ್ಚಲದಾಗ ಬಿದ್ದಾಗ ಸೊಸಿ ಬಂದು ನನ್ನ ಎಬ್ಬಿಸಿದ್ಲು. ಮೈಮ್ಯಾಲೆ ಧೋತರ ಇರಲಿಲ್ಲ. ಇನ್ನೊಮ್ಮೆ ಹಂಗಾಗಬಾರ್ದು. ನಾನ ಎದ್ದು ಹೋಗಿ ಬರಂಗಾದ್ರ ಸಾಕು.”

ಎಬ್ಬಿಸುವಾಗ ನಾನು ಗೋಡೆಯಲ್ಲಿದ್ದ ಸೋಪಿನ ಗೂಡನ್ನೇ ನೋಡುತ್ತಿದ್ದೆ. ಅದನ್ನು ಅವರಿಗೆ ಹೇಗೆ ಹೇಳಲಿ?

“ಆತು ಬಿಡ್ರಿ” ಎಂದರು ಅತ್ತೆ ಕೊನೆಗೆ.

ಮಾವನವರು ಮುಂಗಾರು ಬೀಳುವ ಮೊದಲೇ ಹೋದರು. ಗುಳಿಗೆ ಬಿಡದಿದ್ದರೆ ಇನ್ನೂ ನಾಲ್ಕು ದಿನ ಇರುತ್ತಿದ್ದರೇನೋ ಎಂದು ಅತ್ತೆ ತಾವು ಬದುಕಿರುವವರೆಗೂ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಅವರು ನಂಬುತ್ತಿರಲಿಲ್ಲ.

ಆದರೆ ಗುಳಿಗೆ ನಿಲ್ಲಿಸಿ ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಮಾವನವರು ಗೋಡೆ ಹಿಡಿದುಕೊಂಡು ಒಬ್ಬರೇ ನಡೆದರು. ಅತ್ತೆ ಚಾಚಿದ ಕೈಯನ್ನು ಮುಟ್ಟಲಿಲ್ಲ. ನಾನು ಅಡಿಗೆಮನೆಯ ಬಾಗಿಲಲ್ಲಿ ಪಾತ್ರೆ ಸದ್ದಾಗದಂತೆ ಹಿಡಿದು ಕೇಳುತ್ತಿದ್ದೆ. ಬಚ್ಚಲ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು. ಹೊರಗೆ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.