ಗೋಡೆಗೆ ಅಂಗೈ ಒತ್ತುತ್ತಿದ್ದ ಮೇಷ್ಟ್ರು

ಐವತ್ತರ ದಶಕದ ಕೊನೆಯ ಒಂದು ಬೆಳಿಗ್ಗೆ, ಪ್ರಾರ್ಥನೆ ಮುಗಿದ ಹೊತ್ತು. ಕಣಕಟ್ಟೆ ಹತ್ತಿರದ ನಮ್ಮೂರ ಶಾಲೆಯ ಹೊಸ ಕೊಠಡಿಯ ಬಾಗಿಲಿನಿಂದ ನಾಲ್ಕು ಹೆಜ್ಜೆ ಈಚೆ ನಾನು ನಿಂತಿದ್ದೆ.

ಅದರ ಮಣ್ಣಿನ ಗೋಡೆ ಹಾಕಿದವರು ಊರವರು. ಕೆಸರು ತುಳಿದವರು ಮಕ್ಕಳಾದ ನಾವು. ಅದೂ ಪಾಠವೇ ಎನ್ನುತ್ತಿದ್ದರು ಮೇಷ್ಟ್ರು. ದಿನವೂ ಗೋಡೆಗೆ ಅಂಗೈ ಒತ್ತಿ, ಆ ಕೈಯನ್ನು ಕೆನ್ನೆಗಿಟ್ಟುಕೊಂಡು, "ಇನ್ನೂ ತಣ್ಣಗಿದೆ ಕಣ್ರೋ, ನಾಳೆ ನೋಡೋಣ" ಎನ್ನುವರು.

ಅಂದು ಶಾಲಾ ಇನ್ಸ್‌ಪೆಕ್ಟರು ಬರುವವರಿದ್ದರು. ಹಾಗಾಗಿ ಗೋಡೆ ಒಣಗುವ ಮೊದಲೇ ಊರವರು ತೊಲೆ ಏರಿಸಿ, ಗರಿ ಹೊದಿಸಿ, ಉಳಿದ ಮಕ್ಕಳನ್ನು ಆಗಲೇ ಒಳಗೆ ಕೂರಿಸಿದ್ದರು. ಮೇಷ್ಟ್ರು ಮತ್ತೆ ಗೋಡೆ ಮುಟ್ಟಿದರು.

"ಏನ್ ಮೇಷ್ಟ್ರೇ, ಗೋಡೆಗೆ ಜ್ವರ ಬಂದೈತಾ?" ಎಂದು ಪಟೇಲರು ನಕ್ಕರು.

ಮೇಷ್ಟ್ರು ನಗಲಿಲ್ಲ. ಅವರ ಅಂಗೈಗೆ ಹಸಿ ಮಣ್ಣು ಹತ್ತಿತ್ತು. "ಎಲ್ಲರೂ ಆಚೆ ಬನ್ರೋ! ಪಾಠ ಮರದಡಿ."

"ಊರ ಮರ್ಯಾದೆ ಏನಾಗ್ಬೇಕ್ರೀ?"

"ತಪ್ಪು ನಂದು ಅಂತ ಇನ್ಸ್‌ಪೆಕ್ಟರು ಬರ್ಕೊಳ್ಳಲಿ, ಪಟೇಲ್ರೇ."

ಕೊನೆಯ ಹುಡುಗಿ ಹೊಸಿಲು ದಾಟಿ ಸ್ವಲ್ಪ ಹೊತ್ತಿಗೇ ಬಡಗಣ ಗೋಡೆ ಒಳಕ್ಕೆ ಕುಸಿಯಿತು. ಮೇಷ್ಟ್ರು ನಮ್ಮನ್ನು ಎಣಿಸಿದರು. ಎಣಿಸಿದವರನ್ನೇ ಮತ್ತೆ ಮತ್ತೆ ಎಣಿಸಿದರು.

ಅದನ್ನು ಕಂಡವರಲ್ಲಿ ಈಗ ಉಳಿದಿರುವವರು ಇಬ್ಬರೇ: ನಾನು, ಮತ್ತೆ ಅರಸೀಕೆರೆಯಲ್ಲಿರುವ ಆ ಕೊನೆಯ ಹುಡುಗಿ, ಪುಟ್ಟಮ್ಮ.