ಒಗ್ಗರಣೆ ಇಲ್ಲದ ದಿನಗಳು

ನನ್ನನ್ನು ಈಗ ಯಾರೂ ಮೂದೇವಿ ಎಂದು ಬೈಯುವುದಿಲ್ಲ. ಕೆಲಸದ ಜಾಗದಲ್ಲಿ ಮೇಡಂ ಎನ್ನುತ್ತಾರೆ, ಸೊಪ್ಪಿನ ಗಾಡಿಯವರು ಅಕ್ಕಾ ಎನ್ನುತ್ತಾರೆ, ಮನೆಯಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ಎಲ್ಲವೂ ಮರ್ಯಾದೆಯ ಮಾತೇ. ಆದರೂ ಅಡುಗೆಮನೆಯಲ್ಲಿ ಸಾಸಿವೆ ಸಿಡಿಯುವ ಸದ್ದು ಕೇಳಿದರೆ ಸಾಕು, ಅದರ ಹಿಂದೆಯೇ ಆ ಬೈಗುಳವೂ ಬರುತ್ತದೆಂದು ಕಿವಿ ಕಾಯುತ್ತದೆ. ಬೈಯುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಬೆಳಿಗ್ಗೆ ಬೇಗ ಎದ್ದರೆ ಮೂದೇವಿ, ತಡವಾಗಿ ಎದ್ದರೆ ಎರಡು ಸಲ ಮೂದೇವಿ. ಪಿಯುಸಿಯಲ್ಲಿ ನಾನು ಒಳ್ಳೆಯ ಅಂಕ ತೆಗೆದ ದಿನವೂ "ಬಾ ಮೂದೇವಿ, ತಿನ್ನು" ಎಂದೇ ಬೆಲ್ಲದ ಚೂರನ್ನು ಬಾಯಿಗೆ ತುರುಕಿದ್ದಳು.

ಅಂಥ ಅಜ್ಜಿ ನನ್ನನ್ನು "ತಾಯೀ, ಒಂದ್ ಗುಟುಕು ನೀರ್ ಕುಡೀರವ್ವ" ಎಂದು ಬಹುವಚನದಲ್ಲಿ ಬೇಡಿಕೊಂಡ ದಿನಗಳೂ ಇದ್ದವು. ಕೊರೊನಾದ ಎರಡನೆಯ ಅಲೆ ಬಂದ ಬೇಸಿಗೆ ಅದು. ನನಗೆ ಹತ್ತೊಂಬತ್ತು.

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನಮ್ಮದು ಚಿಕ್ಕ ಮನೆ. ಮುಂದೆ ಹಜಾರ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಅವ್ವ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಕೋಣೆ. ಹೆತ್ತ ತಾಯಿಗೆ ನಮ್ಮಲ್ಲಿ ಅವ್ವ ಎನ್ನುವುದೇ ರೂಢಿ. ಅಪ್ಪ ಸ್ಕೂಟರ್ ರಿಪೇರಿ ಮಾಡುವವನು; ಲಾಕ್‌ಡೌನಿನಲ್ಲಿ ಗ್ಯಾರೇಜು ಮುಚ್ಚಿ, ಒರೆಸಿದ ಸ್ಪ್ಯಾನರುಗಳನ್ನೇ ಮತ್ತೆ ಒರೆಸುತ್ತಾ ಹಜಾರದಲ್ಲಿ ಕೂತಿರುತ್ತಿದ್ದ. ನನಗೆ ಜ್ವರ ಬಂದು, ಗಂಟಲು ಪರೀಕ್ಷೆಯ ಫಲಿತಾಂಶ ಅವನ ಫೋನಿಗೆ ಬಂತು. ಅವನು ಕನ್ನಡಕ ಹುಡುಕಿ ಅದನ್ನು ಓದುವಷ್ಟರಲ್ಲಿ ಅಜ್ಜಿ ತೀರ್ಪು ಕೊಟ್ಟಾಗಿತ್ತು.

"ಅಮ್ಮ ಬಂದವ್ಳೆ ಕಣ್ಲಾ. ಇನ್ಮ್ಯಾಲೆ ಮನೇಲಿ ಒಗ್ಗರಣೆ ಆಕ್ಬ್ಯಾಡಿ."

ನಮ್ಮ ಕಡೆ ಸಿಡುಬು, ದಡಾರದಂಥ ಬೇನೆ ಬಂದರೆ ರೋಗ ಬಂತು ಎನ್ನುವುದಿಲ್ಲ, ಅಮ್ಮ ಬಂದಳು ಎನ್ನುತ್ತಾರೆ. ಮಾರಮ್ಮನೇ ಮೈಮೇಲೆ ಬಂದು ಕೂತಿದ್ದಾಳೆ ಎಂದು ಲೆಕ್ಕ. ಅವಳಿರುವಷ್ಟು ದಿನ ಮನೆಯಲ್ಲಿ ಸಾಸಿವೆ ಸಿಡಿಯಬಾರದು, ಘಾಟು ಏಳಬಾರದು. ನೆಂಟರು ಬರಬಾರದು. ಮಲಗಿದವರು ಹೊಸ್ತಿಲು ದಾಟಬಾರದು. ಎಲ್ಲ ಇಳಿದ ಮೇಲೆ ಮೊಸರನ್ನ ಎಡೆಯಿಟ್ಟು, ಬೇವಿನ ನೀರು ಹಾಕಿ ಅವಳನ್ನು ಸಮಾಧಾನದಿಂದ ಕಳಿಸಬೇಕು. ಅದಕ್ಕೆ ತಂಪು ಮಾಡುವುದು ಎನ್ನುತ್ತಾರೆ.

"ಇದು ಕೊರೊನಾ ಕಣಜ್ಜಿ. ಅಮ್ಮ ಆದ್ರೆ ಗುಳ್ಳೆ ಎಲ್ಲಿ, ತೋರ್ಸು?" ಎಂದೆ ನಾನು. ಜ್ವರದಲ್ಲೂ ನನಗೆ ವಾದ ಬೇಕು.

"ಈಗಿನ್ ಕಾಲ್ದಲ್ಲಿ ಅವ್ಳೂ ಒಳಗೊಳ್ಗೇ ಏಳ್ತಾಳೆ," ಎಂದಳು ಅಜ್ಜಿ.

ಅವ್ವನ ಹೊಲಿಗೆ ಮಿಷನ್ ಹಜಾರಕ್ಕೆ ಬಂತು, ನಾನು ಕೋಣೆಗೆ ಹೋದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ನನ್ನ ತಟ್ಟೆ ಲೋಟ ಬೇರೆಯಾದವು. ಯಾರೂ ಒಳಗೆ ಬರುವಂತಿಲ್ಲ, ಯಾರೂ ಹೊರಗೆ ಹೋಗುವಂತಿಲ್ಲ. ವಿಚಾರಿಸಲು ಬಂದ ಆಶಾ ಕಾರ್ಯಕರ್ತೆ ಈ ಏರ್ಪಾಡನ್ನೆಲ್ಲ ನೋಡಿ, ಬೀದಿಯಲ್ಲೇ ನಮ್ಮ ಮನೆಯಷ್ಟು ಚೆನ್ನಾಗಿ ನಿಯಮ ಪಾಲಿಸಿದವರಿಲ್ಲ ಎಂದು ಹೊಗಳಿಬಿಟ್ಟರು. ಅಜ್ಜಿಯ ಜಂಬ ಕೇಳಬೇಕೆ? ಸರ್ಕಾರಕ್ಕೆ ಬುದ್ಧಿ ಹೇಳಿಕೊಟ್ಟವಳೇ ತಾನು ಎಂಬಂತೆ ತಲೆಯಾಡಿಸಿದಳು.

ಅಂದಿನಿಂದ ನಾನು ಮೂದೇವಿಯಲ್ಲ, ತಾಯಿ. ಬಾಗಿಲಾಚೆ ಚಾಪೆ ಹಾಕಿಕೊಂಡು, ಸೆರಗನ್ನು ಮೂಗಿಗೆ ಸುತ್ತಿಕೊಂಡು ಅಜ್ಜಿ ದಿನವೆಲ್ಲ ಕೂತಿರುತ್ತಿದ್ದಳು. ಅಮ್ಮ ಬಂದವರು ಕೇಳಿದ್ದನ್ನು ಇಲ್ಲ ಎನ್ನಬಾರದು ಎಂಬುದೂ ಅವಳ ನಿಯಮವೇ. ಗೊತ್ತಾದ ಮೇಲೆ ನಾನು ಬಿಡುತ್ತೇನೆಯೇ? ಹಜಾರದ ಟಿವಿ ನನ್ನ ಕೋಣೆಗೆ ಬರಬೇಕು ಎಂದೆ. ಅಜ್ಜಿಯ ಪ್ರಾಣವೆಲ್ಲ ಸಂಜೆಯ ಸೀರಿಯಲ್ಲಿನಲ್ಲಿತ್ತು. ಅವತ್ತು ಆ ಕಥೆಯ ಸೊಸೆಯನ್ನು ಮನೆಯಿಂದ ಆಚೆ ಹಾಕುವವರಿದ್ದರು. ಅಜ್ಜಿಯ ಮುಖ ಸಣ್ಣದಾಯಿತು. ಆದರೂ "ತಾಯಿ ಕೇಳವ್ರೆ, ಕೊಟ್ಬುಡು ಕಣ್ಲಾ" ಎಂದು ಅಪ್ಪನ ಕೈಯಲ್ಲಿ ಟಿವಿ ತೆಗೆಸಿಕೊಟ್ಟಳು. ನನಗೆ ನೋಡಲು ತ್ರಾಣವಿರಲಿಲ್ಲ. ಸುಮ್ಮನೆ ಗೆದ್ದ ಖುಷಿ.

ಊಟಕ್ಕೆ ಬರೀ ಬೇಳೆಕಟ್ಟು, ಗಂಜಿ, ಒಗ್ಗರಣೆ ಕಾಣದ ಮೊಸರನ್ನ. ನನಗೆ ಹೇಗೂ ರುಚಿ ವಾಸನೆ ಎರಡೂ ಹೋಗಿದ್ದವು, ನಷ್ಟವೇನೂ ಇರಲಿಲ್ಲ. ಪಾಪ, ಅಪ್ಪ. ಖಾರವಿಲ್ಲದೆ ತುತ್ತು ಎತ್ತದ ಮನುಷ್ಯ ಆ ಸಪ್ಪೆಯನ್ನು ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದುದು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು.

ಎರಡನೆಯ ವಾರದಲ್ಲಿ ಆಟ ಕೆಟ್ಟಿತು. ಮಗ್ಗಲು ಬದಲಿಸಿದರೂ ಏದುಸಿರು ಬರತೊಡಗಿತು. ಆಶಾ ಕಾರ್ಯಕರ್ತೆ ಕೊಟ್ಟುಹೋಗಿದ್ದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಅಜ್ಜಿ ಬಟ್ಟೆ ಕ್ಲಿಪ್ಪು ಎಂದು ಆಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅದರಲ್ಲಿ ಬಂದ ಅಂಕಿಯನ್ನು ನೋಡಿ ಅಪ್ಪ ಫೋನ್ ಹಿಡಿದು ಬೀದಿಗೆ ಓಡಿದ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದೇ ಕಷ್ಟವಾಗಿದ್ದ ಕಾಲ. ಅದು ಹೇಗೋ ಒಂದು ಸಿಕ್ಕಿತು. ಆಂಬುಲೆನ್ಸ್ ಬೀದಿಯ ತಿರುವಿನಲ್ಲಿ ಬಂದು ನಿಂತಿತು.

ನಾನು ಗೋಡೆ ಹಿಡಿದುಕೊಂಡು ಹಜಾರ ದಾಟಿದೆ. ತಲೆಬಾಗಿಲಿನಲ್ಲಿ ಅಜ್ಜಿ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು.

"ತಂಪು ಮಾಡ್ದೆ ಒಸ್ಲು ದಾಟುಸ್ಬ್ಯಾಡ ಕಣ್ಲಾ. ನನ್ ತಂಗೀನ ಇಂಗೇ ಕರ್ಕೊಂಡ್ ಓದ್ರು."

ಆ ತಂಗಿಯ ಕಥೆ ನಮಗೆಲ್ಲ ಗೊತ್ತಿತ್ತು. ಅಜ್ಜಿ ಮಂಡಕಳ್ಳಿಯ ಕಡೆಯ ಹಳ್ಳಿಯವಳು. ಅವಳು ಚಿಕ್ಕವಳಿದ್ದಾಗ ಊರಿಗೆ ಸಿಡುಬು ಬಂದು, ತಂಗಿಯನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರಂತೆ. ಅಜ್ಜಿ ಗಾಡಿಯ ಹಿಂದೆ ಊರ ಬಾಗಿಲಿನವರೆಗೂ ಓಡಿದ್ದಳಂತೆ. ಗಾಡಿ ವಾಪಸು ಬಂತು, ತಂಗಿ ಬರಲಿಲ್ಲ. ಅಮ್ಮನನ್ನು ಕಳಿಸಿಕೊಡದೆ ಹೊಸ್ತಿಲು ದಾಟಿಸಿದ್ದಕ್ಕೇ ಹಾಗಾಯಿತು ಎಂದು ಅವಳು ಜೀವಮಾನವಿಡೀ ನಂಬಿದ್ದಳು. ಹಟವಲ್ಲ ಅದು, ಹೆದರಿಕೆ.

"ಅವ್ವಾ, ದಾರಿ ಬುಡು. ಅವ್ರು ಕಾಯಾಕಿಲ್ಲ," ಎಂದ ಅಪ್ಪ. ತಾಯಿಗೆ ಒಂದು ದಿನವೂ ಎದುರಾಡದ ಅಪ್ಪನ ದನಿ ಒಡೆದಿತ್ತು. ಅಜ್ಜಿ ಕದಲಲಿಲ್ಲ. ಹೊರಗೆ ಹಾರ್ನ್ ಕೇಳಿಸಿತು. ಅಪ್ಪ ಇನ್ನೇನು ಅವಳ ಕೈ ಹಿಡಿದು ಎಳೆಯುತ್ತಾನೆ ಎನ್ನಿಸಿ ನನಗೆ ಅಳು ಬಂತು. ಹಾಗೇನಾದರೂ ಆಗಿದ್ದರೆ ಅವರಿಬ್ಬರೂ ಮತ್ತೆ ಮುಖ ಎತ್ತಿ ಮಾತಾಡುತ್ತಿರಲಿಲ್ಲ.

ಆಗ ನಾನು ಹೇಳಿದೆ, "ಅಜ್ಜೀ, ನಂಗೆ ಹೋಗ್ಬೇಕು."

ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲವಲ್ಲ. ಅಜ್ಜಿ ನನ್ನ ಮುಖವನ್ನು ದಿಟ್ಟಿಸಿದಳು.

"ಯಾರ್ ಕೇಳ್ತಿರೋದು? ನೀನಾ, ಅವ್ಳಾ?"

"ಇಬ್ರೂವೆ," ಎಂದೆ. ಅಷ್ಟು ಹೇಳುವಷ್ಟರಲ್ಲಿ ಉಸಿರು ನಿಂತಂತಾಯಿತು.

ಅಜ್ಜಿ ಕೈ ಇಳಿಸಿದಳು. ಆ ವಯಸ್ಸಿನಲ್ಲಿ ಅವಳು ಅಡುಗೆಮನೆಗೆ ಓಡಿದ ಬಿರುಸು ನನ್ನ ಕಣ್ಣಿಗೆ ಕಟ್ಟಿದೆ. ತಣ್ಣನೆಯ ಅನ್ನಕ್ಕೆ ಮೊಸರು ಸುರಿದು ಕಲಸಿ, ಬಾಳೆಲೆ ಹುಡುಕಲೂ ಪುರುಸೊತ್ತಿಲ್ಲದೆ ಸ್ಟೀಲಿನ ಮುಚ್ಚಳದಲ್ಲೇ ಹಾಕಿ ಹೊಸ್ತಿಲ ಬಳಿ ಇಟ್ಟಳು. ಬಾಗಿಲಿನ ಬೇವಿನ ಸೊಪ್ಪು ಕಿತ್ತು ಚೊಂಬಿನಲ್ಲಿ ಅದ್ದಿ ನನ್ನ ತಲೆಗೆ ಚಿಮುಕಿಸಿದಳು. ಉಳಿದ ನೀರನ್ನು ಬೀದಿಯ ಕಡೆ ಚೆಲ್ಲಿದಳು. ತಂಪು ಮುಗಿಯಿತು. ನಾನು ಹೊಸ್ತಿಲು ದಾಟಿದೆ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವಳು ನಮ್ಮ ಕಡೆ ನೋಡುತ್ತಿರಲಿಲ್ಲ. ಮನೆಯ ಒಳಕ್ಕೆ ಮುಖ ಮಾಡಿ ಏನನ್ನೋ ಹೇಳುತ್ತಿದ್ದಳು.

ಆಸ್ಪತ್ರೆಯ ಮೊದಲ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಮೂಗಿಗೆ ಬಿಗಿದ ಮಾಸ್ಕು, ಮೇಲೆ ತಿರುಗುವ ಫ್ಯಾನು, ಬೆಳಗಾಗುವಷ್ಟರಲ್ಲಿ ಖಾಲಿಯಾಗಿರುತ್ತಿದ್ದ ಪಕ್ಕದ ಹಾಸಿಗೆ, ಅಷ್ಟೆ. ಸಾಯುತ್ತೇನೆ ಎಂದು ನಿಜವಾಗಿಯೂ ಅನ್ನಿಸಿತ್ತು. ಮಾತಾಡುವಷ್ಟು ಉಸಿರು ಬಂದ ಮೇಲೆ ನರ್ಸ್ ಫೋನ್ ಹಚ್ಚಿಕೊಟ್ಟರು. ಅವ್ವನ ಹತ್ತಿರ ನಾನು ಮೊದಲು ಕೇಳಿದ್ದೇ ಊಟದ ಸುದ್ದಿ.

"ಅಪ್ಪಂಗೆ ಈಗಾದ್ರೂ ಒಗ್ಗರಣೆ ಸಾರು ಸಿಕ್ತಾ?"

ತಂಪು ಮಾಡಿದ ಮೇಲೆ ಒಗ್ಗರಣೆ ಹಾಕಬಹುದು. ಅದೂ ಅಜ್ಜಿಯ ನಿಯಮವೇ.

"ಇಲ್ಲ ಕಣಮ್ಮ. ನಿಮ್ಮಜ್ಜಿ ಹಾಕೋಕೆ ಬಿಡ್ತಿಲ್ಲ. ನೀನು ಮಲಗ್ತಿದ್ದ ರೂಮಲ್ಲೇ ಬೇವಿನ ಸೊಪ್ಪು ಹಾಸ್ಕೊಂಡು ಕೂತವ್ರೆ."

"ಯಾಕೆ? ತಂಪು ಆಯ್ತಲ್ಲ?"

"ನೀನ್ ಅತ್ಲಾಗೆ ಹೋಗಿದ್ದೇ ತಡ, ಒಳಗಡೆ ತಿರುಗಿ ಅಮ್ಮನ್ನ ಕೇಳ್ಕೊಂಡ್ರು. 'ಕೂಸ್ನ ಬುಟ್ಬುಡು ತಾಯಿ. ನಿಂಗೆ ಮೈ ಬೇಕಾದ್ರೆ ನಂದದೆ, ಇಲ್ಲೇ ಇರು' ಅಂತ."

ತಂಗಿಯ ಗಾಡಿಯ ಹಿಂದೆ ಓಡಿದ ಆ ಹುಡುಗಿಗೆ ಅಂದು ಮಾಡಲಾಗದ್ದನ್ನು ಅಜ್ಜಿ ನನಗಾಗಿ ಮಾಡಿದ್ದಳು. ಫೋನ್ ಎದೆಯ ಮೇಲಿಟ್ಟುಕೊಂಡು ನಾನು ಅತ್ತೆ. ಅತ್ತರೆ ಆಕ್ಸಿಜನ್ ಇಳಿಯುತ್ತದೆ ಎಂದು ನರ್ಸ್ ಗದರಿದರು. ಅಂದಿನಿಂದ ಪ್ರತಿ ಫೋನಿನಲ್ಲೂ ನಾನು ಕೇಳುತ್ತಿದ್ದುದು ಒಂದೇ, ಅಜ್ಜಿಗೆ ಜ್ವರ ಬಂತಾ? ಬರಲಿಲ್ಲ. ನನಗೆ ಇವತ್ತಿಗೂ ಅದು ಆಶ್ಚರ್ಯವೇ.

ಮನೆಗೆ ಬಂದ ದಿನ ನನಗೆ ರೋಗಕ್ಕಿಂತ ಬೇರೆಯದೇ ಒಂದು ಭಯ. ಅಜ್ಜಿ ಮತ್ತೆ ನನ್ನನ್ನು ತಾಯೀ ಎಂದು ಕರೆದರೆ ಏನು ಮಾಡಲಿ? ಅವಳು ತಲೆಬಾಗಿಲಿನಲ್ಲಿ ನಿಂತಿದ್ದಳು, ಸೊರಗಿದ್ದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಏನ್ ಗರ ಬಡ್ದಂಗೆ ನಿಂತಿದ್ದೀಯೆ ಮೂದೇವಿ? ಕಾಲ್ ತೊಳ್ಕೊಂಡು ಒಳಿಕ್ ಬಾ. ಆ ಟಿವಿನ ಈಚೆಗ್ ಆಕು, ನನ್ ಸೀರಿಯಲ್ ಎಲ್ಲಾ ಆಳಾಗೋಯ್ತು."

ಹೀಗೆಂದು ಸರಸರನೆ ಅಡುಗೆಮನೆಗೆ ಹೋದಳು. ಎಣ್ಣೆ ಕಾಯುವಷ್ಟು ಹೊತ್ತು ನಾನು ಹಜಾರದಲ್ಲೇ ನಿಂತಿದ್ದೆ. ಆಮೇಲೆ ಸಾಸಿವೆ ಸಿಡಿಯಿತು. ನನಗಿನ್ನೂ ವಾಸನೆ ಮರಳಿರಲಿಲ್ಲ, ಸದ್ದು ಮಾತ್ರ ಕೇಳಿಸಿತು. ಅಪ್ಪ ಗೋಡೆಗೆ ಮುಖ ತಿರುಗಿಸಿಕೊಂಡು ನಿಂತಿದ್ದ. ನಾನು ಬದುಕಿದೆ ಎಂದು ನನಗೆ ನಂಬಿಕೆ ಬಂದದ್ದು ಆ ಸದ್ದಿನಿಂದಲೇ.

ಅದಾದ ಮೇಲೂ ಅಜ್ಜಿ ಕೆಲವು ವರ್ಷ ಗಟ್ಟಿಯಾಗಿದ್ದಳು. ಕೊನೆಗೆ ಮುಪ್ಪಿನಿಂದ ಹಾಸಿಗೆ ಹಿಡಿದಾಗ ಅವಳ ಬಾಯಿಗೆ ನೀರು ಬಿಡುತ್ತಿದ್ದವಳು ನಾನೇ. ಒಂದು ಬೆಳಿಗ್ಗೆ ಚಮಚ ಹಿಡಿದು, "ತಾಯೀ, ಒಂದ್ ಗುಟುಕು ನೀರ್ ಕುಡೀರವ್ವ" ಎಂದೆ. ಅಜ್ಜಿ ಕಷ್ಟಪಟ್ಟು ಕಣ್ಣು ಬಿಟ್ಟಳು.

"ಬಾಯ್ ಮುಚ್ಚು, ಮೂದೇವಿ," ಎಂದಳು.

ನೀರು ಕುಡಿದಳು. ಅವಳು ನನ್ನೊಂದಿಗೆ ಆಡಿದ ಕೊನೆಯ ಮಾತು ಅದೇ.